ಡಾಕ್ಟರ್ ಎಲ್ಲಿ ಒಳ್ಳೆಯವರು ಅಂತ ಕೇಳಿದ್ದೆಯಲ್ಲ

ಡೊಂಬಿವಲಿ
ಗುರುವಾರ ರಾತ್ರಿ

ಚಿ. ಸೌ. ಶ್ರುತಿಗೆ ಮಾವನ ಆಶೀರ್ವಾದ.

ಅಳಿಯಂದಿರ ಕೆಲಸಕ್ಕೆ ಬ್ರಿಟನ್‌ನ ಮ್ಯಾಂಚೆಸ್ಟರಿಗೆ ಹೋಗುವುದೋ ಜರ್ಮನಿಯ ಮ್ಯೂನಿಕ್ಕಿಗೋ ಅಂತ ಯೋಚಿಸುತ್ತಿದ್ದೀರಲ್ಲ, ಡಾಕ್ಟರ್ ಎಲ್ಲಿ ಒಳ್ಳೆಯವರು ಅಂತ ನೀನು ಮೊನ್ನೆ ಫೋನಿನಲ್ಲಿ ಕೇಳಿದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಸರಿಯಾಗಿ ಮಾತಾಡಲಾಗಲಿಲ್ಲ. ಮೂವತ್ತೆರಡು ವರ್ಷ ಮೆಡಿಕಲ್ ಅಂಗಡಿಯ ಕೌಂಟರ್ ಹಿಂದೆ ನಿಂತವನು ನಾನು. ಡಾಕ್ಟರು ಎರಡೂ ಕಡೆ ಓದಿಕೊಂಡವರೇ. ನೀನು ಕೇಳಬೇಕಾದ್ದು, ಅವರು ಕೈಗೆ ಸಿಗುವುದು ಎಷ್ಟು ದಿನಕ್ಕೆ ಅಂತ.

ಇಲ್ಲಿ ನಮಗೆ ಅಭ್ಯಾಸ ಕೆಟ್ಟಿದೆ. ನಿನ್ನ ಮಗು ಆದಿಗೆ ರಾತ್ರಿ ಉಬ್ಬಸ ಬಂದರೆ ಬೆಳಿಗ್ಗೆ ನೇರ ಮಕ್ಕಳ ಡಾಕ್ಟರ ಹತ್ತಿರ. ಅವರು ಹಿಡಿಸಲಿಲ್ಲ ಅಂದರೆ ಸಂಜೆ ಇನ್ನೊಬ್ಬರು. ನಡುವೆ ನನ್ನನ್ನೂ ಅರ್ಧ ಡಾಕ್ಟರ್ ಮಾಡಿಬಿಡುತ್ತೀರಿ. ಬ್ರಿಟನ್‌ನಲ್ಲಿ ಇದು ನಡೆಯುವುದಿಲ್ಲ. ಮನೆ ಹತ್ತಿರದ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ ಬಳಿ ಮೊದಲು ಹೆಸರು ಬರೆಸಬೇಕು. ಅವರು ಚೀಟಿ ಕೊಟ್ಟ ಮೇಲೇ ಸ್ಪೆಷಲಿಸ್ಟ್. ಎಷ್ಟೋ ಕಡೆ ಜಿಪಿ ಸಿಗಬೇಕಾದರೂ ಬೆಳಿಗ್ಗೆ ಎಂಟಕ್ಕೆ ಫೋನ್ ಹಿಡಿದು ಕೂರಬೇಕು, ನಮ್ಮ ತತ್ಕಾಲ್ ಟಿಕೆಟ್ ಥರ. ಚೀಟಿ ಸಿಕ್ಕ 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಅನ್ನೋದು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯವರೇ ಇಟ್ಟುಕೊಂಡ ಗುರಿ. ಅದನ್ನು ಮುಟ್ಟದೆ ವರ್ಷಗಳೇ ಆದವು.

ಹಾಗಂತ ಹೆದರಬೇಡ. ಹೋದ ವರ್ಷ ಲೆಸ್ಟರ್‌ನಲ್ಲಿ ಮಗನ ಮನೆಯಲ್ಲಿದ್ದಾಗ ತೆಂಗಿನಕಾಯಿ ಒಡೆಯಲು ಹೋಗಿ ಅಂಗೈ ಕೊಯ್ದುಕೊಂಡೆ. ಟವೆಲ್ ಸುತ್ತಿಕೊಂಡು ಎಮರ್ಜೆನ್ಸಿಯಲ್ಲಿ ಐದು ಗಂಟೆ ಕೂತೆ. ನನ್ನ ಆಮೇಲೆ ಬಂದ ಅಜ್ಜಿಯನ್ನು ಮೊದಲು ಒಳಗೆ ಕರೆದರು. ಅಲ್ಲಿ ಮೊದಲು ಬಂದವರಿಗೆ ಮೊದಲು ಅಂತಿಲ್ಲ, ಯಾರಿಗೆ ಜೋರೋ ಅವರಿಗೆ ಮೊದಲು. ಕೊನೆಗೆ ನಾಲ್ಕು ಹೊಲಿಗೆ. ಬಿಲ್ ಕೌಂಟರ್ ಎಲ್ಲಿ ಅಂತ ಕೇಳಿದೆ. ನರ್ಸ್ ನಕ್ಕು, ಹೊರಗೆ ಹೋಗುವ ದಾರಿ ಈ ಕಡೆ ಅಂದಳು! ಎಮರ್ಜೆನ್ಸಿಯಲ್ಲಿ ನನ್ನಂಥ ನೆಂಟರಿಗೂ ದುಡ್ಡಿಲ್ಲ, ಅಡ್ಮಿಟ್ ಆದರೆ ಮಾತ್ರ ಬಿಲ್ಲು. ನಿನ್ನ ಅಮ್ಮನಿಗೆ ಎದೆನೋವು ಬಂದ ದಿನ ಇಲ್ಲಿ ಮೊದಲು ಡೆಪಾಸಿಟ್ ಕಟ್ಟಿ ಅಂದಿದ್ದರು, ನೆನಪಿದೆ ಅಲ್ವಾ?

ಆದರೆ ನಿಮ್ಮ ಹಾಗೆ ಉಳಿಯುವ ವೀಸಾದಲ್ಲಿ ಹೋಗುವವರಿಗೆ ಅಲ್ಲಿನ ಚಿಕಿತ್ಸೆ ಪುಕ್ಕಟೆ ಅಲ್ಲ. ವೀಸಾ ಹಾಕುವಾಗಲೇ ಆರೋಗ್ಯದ ಸರ್‌ಚಾರ್ಜ್ ಅಂತ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ಅಷ್ಟೂ ವರ್ಷದ್ದು ಒಟ್ಟಿಗೇ. ನಿಮ್ಮ ಮೂವರಿಗೆ ಮೂರು ವರ್ಷಕ್ಕೆ 8,538 ಪೌಂಡ್ ಆಗುತ್ತದೆ. ಕಂಪನಿ ಕಟ್ಟುತ್ತದೋ ಇಲ್ಲವೋ, ಅಳಿಯಂದಿರು ಬರವಣಿಗೆಯಲ್ಲಿ ಕೇಳಲಿ. ನಾಚಿಕೆ ಬೇಡ. ಆದಿಯ ಔಷಧಿಗೆ ಮಾತ್ರ ಅಲ್ಲಿ ದುಡ್ಡು ಕೊಡಬೇಕಿಲ್ಲ.

ಜರ್ಮನಿಯ ಲೆಕ್ಕ ಬೇರೆ. ಸರ್ಕಾರಿ ವಿಮೆಗೆ ಸಂಬಳದ 14.6 ಪರ್ಸೆಂಟ್, ಮೇಲೆ ವಿಮೆ ಸಂಸ್ಥೆಯದ್ದು ಇನ್ನೊಂದಿಷ್ಟು. ಅರ್ಧ ಕಂಪನಿಯದ್ದು. ನಿನಗೆ ಕೆಲಸ ಇಲ್ಲದಿದ್ದರೆ ನೀನೂ ಆದಿಯೂ ಅಳಿಯಂದಿರ ವಿಮೆಯಲ್ಲೇ ಸೇರುತ್ತೀರಿ, ಬೇರೆ ಕಂತಿಲ್ಲ. ಸಂಬಳ ಜಾಸ್ತಿ ಇದ್ದರೆ ಪ್ರೈವೇಟ್ ವಿಮೆಯವರು ಬಂದು ಕಡಿಮೆ ಕಂತು ತೋರಿಸುತ್ತಾರೆ. ಬೇಡ. ಅದರಲ್ಲಿ ತಲೆಗೊಂದು ಕಂತು, ವಯಸ್ಸಾದಂತೆ ಏರುತ್ತದೆ, 55 ದಾಟಿದರೆ ಸರ್ಕಾರಿ ವಿಮೆಗೆ ವಾಪಸ್ ಬರುವುದು ಹೆಚ್ಚುಕಡಿಮೆ ಆಗದ ಮಾತು. ಇನ್ನು ಭಾಷೆ. ಮಗು ಉಸಿರಿಗೆ ಒದ್ದಾಡುವಾಗ ನೀನು ಜರ್ಮನ್ ಶಬ್ದ ಹುಡುಕುತ್ತಾ ನಿಲ್ಲುವುದು ನನಗೆ ಸುಮ್ನೆ ಯೋಚಿಸಿದರೂ ಸಂಕಟ. ಅದಕ್ಕೇ ನನ್ನ ಮನಸ್ಸು ಮ್ಯಾಂಚೆಸ್ಟರ್ ಕಡೆ. ಅಳಿಯಂದಿರಿಗೆ ಬೇರೆ ಕಾರಣ ಇರಬಹುದು.

ಒಂದು ಮಾತು ಅಕ್ಕನ, ಅಂದರೆ ನಿನ್ನ ಅಮ್ಮನ ಎದುರು ಹೇಳಲಾರೆ. ಅವಳನ್ನು ಆಮೇಲೆ ಕರೆಸಿಕೊಳ್ಳುತ್ತೇವೆ ಅಂತ ಲೆಕ್ಕ ಹಾಕಬೇಡಿ. ಬ್ರಿಟನ್‌ನಲ್ಲಿ ವಯಸ್ಸಾದ ತಂದೆತಾಯಿಗೆ ಉಳಿಯುವ ವೀಸಾ ಸಿಗುವುದು ತೀರಾ ಕಷ್ಟ. ನೋಡಲು ಬರಬಹುದು ಅಷ್ಟೆ, ಆಗ ತೆಗೆಯುವ ಟ್ರಾವೆಲ್ ಇನ್ಶೂರೆನ್ಸ್ ಹಳೆಯ ಸಕ್ಕರೆ, ಬಿಪಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಇಲ್ಲಿನ ಅವಳ ಮೆಡಿಕ್ಲೇಮ್ ಒಂದು ವರ್ಷವೂ ತಪ್ಪಬಾರದು. ಕಂತಿನ ತಾರೀಕು ನನ್ನ ಡೈರಿಯಲ್ಲೂ ಇದೆ.

ಭಾನುವಾರ ಥಾಣೆಯ ಮನೆಯಿಂದ ಬರುವಾಗ ಆದಿಯ ಫೈಲು, ಲಸಿಕೆ ಕಾರ್ಡು ತಾ. ಉಬ್ಬಸದ ಔಷಧಿಗೆ ನಾವು ಆಸ್ಥಾಲಿನ್ ಅಂತ ಕಂಪನಿ ಹೆಸರು ಹೇಳಿದರೆ ಅಲ್ಲಿನ ಡಾಕ್ಟರಿಗೆ ತಿಳಿಯುವುದಿಲ್ಲ, ಸಾಲ್ಬ್ಯುಟಮಾಲ್ ಅನ್ನಬೇಕು. ಎಲ್ಲ ಔಷಧಿಯ ಜೆನೆರಿಕ್ ಹೆಸರು, ಡೋಸು ಒಂದು ಹಾಳೆಯಲ್ಲಿ ಬರೆದುಕೊಡುತ್ತೇನೆ. ಉಬ್ಬಸದ ಪಂಪಿಗೆ ಸಿಕ್ಕಿಸುವ ಕೊಳವೆ, ಆ ಸ್ಪೇಸರ್ ಕೂಡ ತಾ, ಅದರ ವಾಲ್ವ್ ಸಡಿಲ ಆಗಿದೆ ಅಂತ ನೀನು ಅಂದಿದ್ದೆ. ಊಟಕ್ಕೆ ಇಲ್ಲೇ ಇರು, ಅತ್ತೆ ಪತ್ರೊಡೆ ಮಾಡುತ್ತಾಳಂತೆ.

ನಿನ್ನ ಮಾವ