ಜೂಲಿಯೆಟ್‌ಳ ಬಾಲ್ಕನಿಗೆ ಏಳು ಶತಮಾನದ ವಯಸ್ಸಿಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಇಟಲಿಯ ವೆರೋನಾ ನಗರದ ಕುರಿತು ಪ್ರಕಟವಾದ ಪ್ರವಾಸ ಲೇಖನ ಸೊಗಸಾಗಿ ಓದಿಸಿಕೊಂಡು ಹೋಗುತ್ತದೆ. ಆದರೆ ಷೇಕ್ಸ್‌ಪಿಯರನ ‘ರೋಮಿಯೊ ಅಂಡ್ ಜೂಲಿಯೆಟ್’ ನಾಟಕದ ನಾಯಕಿ ಜೂಲಿಯೆಟ್‌ಳದೆಂದು ತೋರಿಸುವ ಮನೆಯ ಚಿತ್ರದ ಕೆಳಗೆ, ಹಗೆ ಸಾಧಿಸುತ್ತಿದ್ದ ನೆರೆಮನೆಗಳ ನಡುವಿನ ಐತಿಹಾಸಿಕ ಪ್ರೇಮಕ್ಕೆ ಈ ಬಾಲ್ಕನಿ ಏಳು ಶತಮಾನಗಳಿಂದ ಸಾಕ್ಷಿಯಾಗಿದೆ ಎಂದು ಅಚ್ಚಾಗಿರುವುದನ್ನು ಒಪ್ಪಲಾಗದು. ಬಾಲ್ಕನಿ ಹಳೆಯದಲ್ಲ, ಆ ಎರಡು ಮನೆತನಗಳು ನೆರೆಹೊರೆಯಲ್ಲಿದ್ದವು ಎಂಬುದಕ್ಕೂ ಆಧಾರವಿಲ್ಲ.

ವಿಯಾ ಕಪೆಲ್ಲೊ ಬೀದಿಯ ಆ ಕಟ್ಟಡ ಮಧ್ಯಯುಗದ್ದು ಎಂಬುದು ನಿಜ. ಅಲ್ಲಿ ದಾಲ್ ಕಪೆಲ್ಲೊ ಎಂಬ ಮನೆತನವಿತ್ತು, ಅಂಗಳದ ಕಮಾನಿನ ಕಲ್ಲಿನಲ್ಲಿ ಕೆತ್ತಿರುವ ಟೊಪ್ಪಿಗೆ ಅವರ ಲಾಂಛನ. ಈ ಹೆಸರಿಗೂ ಕಥೆಯಲ್ಲಿ ಜೂಲಿಯೆಟ್‌ಳ ಮನೆತನಕ್ಕಿರುವ ಕಪ್ಯುಲೆಟ್ ಎಂಬ ಹೆಸರಿಗೂ ಇರುವ ಹೋಲಿಕೆಯೊಂದೇ ಸಾಕಾಯಿತು, ಮನೆ ಜೂಲಿಯೆಟ್‌ಳದಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಬಡಕಲು ವಸತಿಗೃಹವಾಗಿತ್ತು. ಅಲ್ಲಿಗೆ ಹೋಗಿದ್ದ ಚಾರ್ಲ್ಸ್ ಡಿಕನ್ಸ್ ಕಂಡದ್ದು ಪಾದ ಮುಳುಗುವಷ್ಟು ಕೊಳೆ ತುಂಬಿದ ಅಂಗಳ, ಗಾಡಿಗಳ ಗದ್ದಲ, ಮೈಯೆಲ್ಲ ಕೆಸರು ಸಿಡಿಸಿಕೊಂಡ ಹೆಬ್ಬಾತುಗಳ ಹಿಂಡು ಮತ್ತು ಒಂದು ಸಿಡುಕು ಮುಖದ ನಾಯಿ. ಬಾಲ್ಕನಿಯ ಮಾತನ್ನು ಅವರು ಎತ್ತಿಲ್ಲ, ಎತ್ತಲು ಅದು ಇರಲೂ ಇಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಗರಾಡಳಿತ ಕಟ್ಟಡವನ್ನು ಕೊಂಡುಕೊಂಡಿತು. ವೆರೋನಾದ ವಸ್ತುಸಂಗ್ರಹಾಲಯಗಳ ಹೊಣೆ ಹೊತ್ತಿದ್ದ ಆಂತೋನಿಯೊ ಅವೇನಾ ಎಂಬವರು 1930ರ ದಶಕದ ಕೊನೆಯಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿ ಅದಕ್ಕೆ ಮಧ್ಯಯುಗದ ಅಂದ ತೊಡಿಸುತ್ತಾ, ಹಳೆಯ ಕಲ್ಲಿನ ಶವಪೆಟ್ಟಿಗೆಯ ಭಾಗಗಳನ್ನು ಬಳಸಿ ಈ ಬಾಲ್ಕನಿಯನ್ನು ಜೋಡಿಸಿದರು. ಷೇಕ್ಸ್‌ಪಿಯರನ ನಾಟಕದಲ್ಲಾದರೋ ಜೂಲಿಯೆಟ್ ನಿಲ್ಲುವುದು ಕಿಟಕಿಯ ಬಳಿ.

ಇನ್ನು ನೆರೆಮನೆಯ ಜಗಳ. ಈ ಎರಡು ಮನೆತನಗಳ ಹೆಸರು ಮೊದಲು ಒಟ್ಟಿಗೆ ಸಿಗುವುದು ಮಧ್ಯಯುಗದ ಇಟಲಿಯ ಕವಿ ಡಾಂಟೆಯ ಕಾವ್ಯದಲ್ಲಿ. ಇಟಲಿಯನ್ನು ಸುಡುತ್ತಿದ್ದ ಬಣ ರಾಜಕೀಯವನ್ನು ಹಳಿಯುವಾಗ ಅವನು ಮೊಂಟೆಕ್ಕಿ (ಕಥೆಯಲ್ಲಿ ರೋಮಿಯೊನ ಮನೆತನ), ಕಪೆಲ್ಲೆಟ್ಟಿ (ಜೂಲಿಯೆಟ್‌ಳ ಮನೆತನ) ಎಂಬ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಅಲ್ಲಿ ಪ್ರೇಮದ ಸುಳಿವಿಲ್ಲ. ಮೊಂಟೆಕ್ಕಿಗಳು ವೆರೋನಾದವರು, ಕಪೆಲ್ಲೆಟ್ಟಿ ಎಂಬುದು ಕ್ರೆಮೋನಾ ನಗರದ ರಾಜಕೀಯ ಬಣವೆಂದು ವಿದ್ವಾಂಸರು ತೋರಿಸಿದ್ದಾರೆ. ಬೇರೆ ಬೇರೆ ಊರಿನ ಇವರನ್ನು ಒಂದೇ ಊರಿನವರನ್ನಾಗಿ ಮಾಡಿ, ಅವರ ಮಕ್ಕಳ ನಡುವೆ ಪ್ರೀತಿ ಹುಟ್ಟಿಸಿದವನು ವಿಚೆಂಜಾದ ಲುಯಿಜಿ ದಾ ಪೋರ್ತೊ. ಅವನ ಕಥೆ 1530ರ ಸುಮಾರಿಗೆ, ಅವನು ತೀರಿಕೊಂಡ ಮೇಲೆ, ವೆನಿಸ್‌ನಲ್ಲಿ ಅಚ್ಚಾಯಿತು.

ನಿಮ್ಮ ಲೇಖಕರು ಕೈಬಿಟ್ಟಿರುವ ನಿಜವಾದ ಇತಿಹಾಸ ಇರುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ದಾ ಪೋರ್ತೊ ವೆನಿಸ್ ಗಣರಾಜ್ಯದ ಅಶ್ವದಳದಲ್ಲಿದ್ದ ಯೋಧ, ಫ್ರಿಯುಲಿ ಪ್ರಾಂತದಲ್ಲಿ ಸೇವೆಯಲ್ಲಿದ್ದವನು. 1511ರ ಫೆಬ್ರುವರಿಯಲ್ಲಿ, ಕಾರ್ನಿವಲ್ ಹಬ್ಬದ ಗುರುವಾರ, ಅಲ್ಲಿನ ಉಡಿನೆ ನಗರದಲ್ಲಿ ಆಂತೋನಿಯೊ ಸವೊರ್ನ್ಯಾನ್‌ನ ಬಣ ಎದುರಾಳಿ ಶ್ರೀಮಂತರ ಮನೆಗಳಿಗೆ ನುಗ್ಗಿ ಕೊಲೆ, ಲೂಟಿ ನಡೆಸಿತು. ಅದೇ ವರ್ಷ ದಾ ಪೋರ್ತೊ ಯುದ್ಧದಲ್ಲಿ ಕುತ್ತಿಗೆಗೆ ಪೆಟ್ಟು ಬಿದ್ದು ಅಂಗಹೀನನಾದ. ದೂರದ ಸಂಬಂಧಿ ಲುಚೀನಾ ಸವೊರ್ನ್ಯಾನ್‌ಳ ಮದುವೆ ಅದೇ ಕುಲದ ಇನ್ನೊಂದು ಕವಲಿನವನೊಂದಿಗೆ ನಡೆಯಿತು. ಕಥೆಯನ್ನು ದಾ ಪೋರ್ತೊ ಅರ್ಪಿಸಿರುವುದು ಈ ಲುಚೀನಾಳಿಗೆ. ಇಬ್ಬರೂ ಪ್ರೀತಿಸಿದ್ದರೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ, ಅದನ್ನು ಊಹೆಯೆಂದೇ ಹೇಳಬೇಕು. ಆದರೆ ಉಡಿನೆಯ ಹಗೆ ಕಟ್ಟುಕಥೆಯಲ್ಲ, ಅರ್ಪಣೆಯೂ ಅಲ್ಲ.

ಕಥೆಯನ್ನು ಕಥೆಯಾಗಿ ಮೆಚ್ಚಲು ಯಾರ ಅಡ್ಡಿಯೂ ಇಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೇ ರಾಮವರ್ಮ–ಲೀಲಾವತಿಯರಾಗಿ ಈ ಜೋಡಿ ಕನ್ನಡಕ್ಕೂ ಬಂದಿತ್ತು, ಅದಕ್ಕಾಗಿ ಯಾರೂ ಮೈಸೂರಿನ ಬೀದಿಯಲ್ಲಿ ಲೀಲಾವತಿಯ ಮನೆ ಹುಡುಕಲಿಲ್ಲ. ವೆರೋನಾದಲ್ಲಿ ಮಾತ್ರ ಗೋಡೆಗೆ ಚೀಟಿ ಅಂಟಿಸುವುದು, ಅಂಗಳದ ಕಂಚಿನ ಪ್ರತಿಮೆಯ ಎದೆ ಮುಟ್ಟಿದರೆ ಅದೃಷ್ಟ ಒಲಿಯುತ್ತದೆಂದು ನಂಬುವುದು ಬೆಳೆಯುತ್ತಲೇ ಹೋಗಿ, 1970ರ ದಶಕದ ಆ ಪ್ರತಿಮೆ ಸವೆದು ಬಿರುಕುಬಿಟ್ಟು, 2014ರಲ್ಲಿ ಅದರ ಜಾಗಕ್ಕೆ ನಕಲನ್ನು ತಂದು ನಿಲ್ಲಿಸಬೇಕಾಯಿತು. ರೋಮಿಯೊನ ಮನೆಯೆಂದು ಕರೆಯುವ, ಕೆಲವೇ ನಿಮಿಷದ ನಡಿಗೆಯಲ್ಲಿ ಸಿಗುವ ಕಟ್ಟಡ ಖಾಸಗಿಯವರದಾದ್ದರಿಂದ ಅಷ್ಟರ ಮಟ್ಟಿಗೆ ಪಾರಾಗಿದೆ.

ಚಿತ್ರದ ಅಡಿಬರಹಕ್ಕೆ ಒಂದು ಸ್ಪಷ್ಟನೆಯನ್ನು ಮುಂದಿನ ಪುರವಣಿಯಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ. ಮುಂದಿನ ಕಂತು ವೆನಿಸ್ ಕುರಿತದ್ದು ಎಂಬ ಪ್ರಕಟಣೆಯನ್ನೂ ನೋಡಿದೆ. ಅಲ್ಲಿಂದ ರೈಲಿನಲ್ಲಿ ಸುಮಾರು ಎರಡು ಗಂಟೆ ದೂರದ ಉಡಿನೆಯ ಬಗ್ಗೆಯೂ ಲೇಖಕರು ಬರೆಯುವುದಾದರೆ, 1511ರ ಆ ಗುರುವಾರದ ಸಂಗತಿ ಬಿಟ್ಟುಹೋಗದಂತೆ ದಯವಿಟ್ಟು ಅವರ ಗಮನಕ್ಕೆ ತನ್ನಿ.

ಇಂತಿ ನಿಮ್ಮ ವಿಶ್ವಾಸಿ,
ಓದುಗಳೊಬ್ಬಳು, ಧಾರವಾಡ