ಗೋಳದ ಮೇಲೆ ತನ್ನೂರು

ಲಂಡನ್
ಭಾನುವಾರ ರಾತ್ರಿ

ಅಪ್ಪ, ಅಮ್ಮನಿಗೆ ನಮಸ್ಕಾರ.

ನಾನು ಆರಾಮ. ಚಳಿ ಇನ್ನೂ ಬಿಟ್ಟಿಲ್ಲ. ಅಮ್ಮ ಕೊಟ್ಟುಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ ತಳ ಕಂಡಿದೆ. ಇವತ್ತು ಒಂದು ಚಿತ್ರ ನೋಡಿ ಬಂದೆ ಅಪ್ಪ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ನಿಲ್ಲುತ್ತದೆ ಅಂತ ಬರೆಯಲು ಕೂತೆ.

ಟ್ರಫಾಲ್ಗರ್ ಚೌಕದ ನ್ಯಾಷನಲ್ ಗ್ಯಾಲರಿಗೆ ಹೋಗಿದ್ದೆ. ಒಳಗೆ ಹೋಗಲು ಟಿಕೆಟ್ ಇಲ್ಲ. ಜರ್ಮನ್ ಚಿತ್ರಕಾರ ಹಾನ್ಸ್ ಹೋಲ್ಬೈನ್ 1533ರಲ್ಲಿ ಬರೆದ ‘ರಾಯಭಾರಿಗಳು’ ಎಂಬ ಚಿತ್ರ ಅಲ್ಲಿದೆ. ಓಕ್ ಹಲಗೆಯ ಮೇಲೆ ಎಣ್ಣೆ ಬಣ್ಣ, ಎತ್ತರ ಅಗಲ ಎರಡೂ ಎರಡು ಮೀಟರಿಗಿಂತ ಸ್ವಲ್ಪ ಜಾಸ್ತಿ. ಎಡಕ್ಕೆ ಫ್ರಾನ್ಸಿನ ರಾಯಭಾರಿ ಝಾನ್ ದ ದ್ಯಾಂತವೀಲ್, ಬಲಕ್ಕೆ ಅವನ ಗೆಳೆಯ, ಬಿಷಪ್ ಝೋರ್ಜ್ ದ ಸೆಲ್ವ್. ಒಬ್ಬನ ವಯಸ್ಸು ಕಠಾರಿಯ ಒರೆಯ ಮೇಲೆ ಬರೆದಿದೆ, 29. ಇನ್ನೊಬ್ಬನದು ಮೊಣಕೈ ಕೆಳಗಿನ ಪುಸ್ತಕದ ಅಂಚಿನಲ್ಲಿ, 25.

ಇಬ್ಬರ ನಡುವೆ ಎರಡು ಅಂತಸ್ತಿನ ಮೇಜು. ಮೇಲೆ ಆಕಾಶದ ಗೋಳ, ಬಿಸಿಲಿನ ನೆರಳಲ್ಲಿ ಹೊತ್ತು ನೋಡುವ ಸಾಮಾನುಗಳು. ಕೆಳಗೆ ಭೂಮಿಯ ಗೋಳ, ಪುಸ್ತಕಗಳು, ಲೂಟ್ ಎಂಬ ತಂತಿವಾದ್ಯ. ಅದರ ಒಂದು ತಂತಿ ಹರಿದಿದೆ. ಹತ್ತಿರ ಹೋಗದಿದ್ದರೆ ಕಾಣುವುದಿಲ್ಲ. ಅಕ್ಕನ ವೀಣೆಯ ತಂತಿ ಹರಿದಾಗ ತುದಿ ಸುರುಳಿಯಾಗಿ ಮೇಲೇಳುತ್ತಿತ್ತಲ್ಲ, ಹಾಗೇ. ಪಕ್ಕದಲ್ಲಿ ವ್ಯಾಪಾರಿಗಳಿಗಾಗಿ ಪೀಟರ್ ಏಪಿಯನ್ ಬರೆದ ಲೆಕ್ಕದ ಪುಸ್ತಕ. ಯಾವ ಪುಟ ತೆರೆದಿದೆ ಗೊತ್ತಾ ಅಪ್ಪ? ಭಾಗಾಕಾರ! ನೀವು ಕಪ್ಪು ಹಲಗೆ ಮುಂದೆ ನಿಂತ ಹಾಗೇ ಆಯಿತು ನನಗೆ.

ಆಗ ಇಲ್ಲಿನ ದೊರೆ ಎಂಟನೇ ಹೆನ್ರಿ ಮೊದಲ ಹೆಂಡತಿಯನ್ನು ಬಿಟ್ಟು ಆನ್ ಬೊಲಿನ್‌ಳನ್ನು ಮದುವೆಯಾಗಿ, ಪೋಪ್ ಜೊತೆ ಸಂಬಂಧ ಕಡಿದುಕೊಳ್ಳುತ್ತಿದ್ದ. ಜರ್ಮನಿಯಲ್ಲಿ ಧರ್ಮಸುಧಾರಕ ಲೂಥರನ ಕಡೆಯವರು ಪೋಪನ ಚರ್ಚಿನಿಂದ ಬೇರೆಯಾಗಿದ್ದರು. ಲೂಟಿನ ಹತ್ತಿರದ ಹಾಡಿನ ಪುಸ್ತಕ ಅವರದೇ. ಒಂದೇ ಮನೆ ಪಾಲಾಗುತ್ತಿದ್ದ ಹೊತ್ತು. ಹರಿದ ತಂತಿಯೂ ಭಾಗಾಕಾರವೂ ಅದನ್ನೇ ಹೇಳುತ್ತವೆ ಅಂತ ತಿಳಿದವರು ಹೇಳುತ್ತಾರೆ. ನನಗೂ ಹಾಗೇ ಕಂಡಿತು.

ಇಬ್ಬರ ಕಾಲ ಮುಂದೆ, ನೆಲದ ಮೇಲೆ, ಒಣ ಅಡಿಕೆ ಹಾಳೆ ಓರೆಯಾಗಿ ಬಿದ್ದ ಹಾಗೆ ಏನೋ ಇದೆ. ಎದುರು ನಿಂತರೆ ಏನೆಂದು ಗೊತ್ತಾಗುವುದಿಲ್ಲ. ಬಲಗಡೆ ಗೋಡೆಗೆ ಹತ್ತಿಕೊಂಡ ಹಾಗೆ ನಿಂತು ಓರೆಯಿಂದ ನೋಡಿದೆ. ಹಾಳೆ ಕುಗ್ಗುತ್ತಾ ಬಂದು ತಲೆಬುರುಡೆಯಾಯಿತು. ಕಣ್ಣಿನ ಗುಳಿ, ಹಲ್ಲು, ಎಲ್ಲಾ ಸ್ಪಷ್ಟ. ಆಗ ಆ ಇಬ್ಬರೂ, ಅವರ ರೇಷ್ಮೆ, ತುಪ್ಪಳ ಎಲ್ಲವೂ ಕಲಸಿ ಹೋದವು. ಎರಡನ್ನೂ ಒಟ್ಟಿಗೆ ನೋಡಲು ಆಗುವುದೇ ಇಲ್ಲ. ಮೈ ಜುಂ ಅಂದಿತು. ಮತ್ತೆ ಎದುರು ಬಂದಾಗ ಎಡಗಡೆ ಮೇಲಿನ ಮೂಲೆ ನೋಡಿದೆ. ಹಸಿರು ಪರದೆಯ ಹಿಂದೆ ಶಿಲುಬೆಯ ಮೇಲಿನ ಯೇಸು, ಅರ್ಧ ಮಾತ್ರ ಕಾಣುತ್ತಾನೆ.

ಜನ ಬುರುಡೆ ನೋಡಿ ಹೋಗುತ್ತಾರೆ. ನಾನು ನಿಂತದ್ದು ಭೂಮಿಯ ಗೋಳದ ಮುಂದೆ. ಅದರಲ್ಲಿ ಫ್ರಾನ್ಸಿನ ಜಾಗದಲ್ಲಿ ‘ಪೊಲಿಸಿ’ ಅಂತ ಒಂದು ಹೆಸರಿದೆ. ದ್ಯಾಂತವೀಲನ ಊರು, ಅವನ ಮನೆ ಇದ್ದದ್ದು ಅಲ್ಲಿ. ಸಣ್ಣ ಊರಪ್ಪ, ಭೂಪಟದಲ್ಲಿ ಹುಡುಕಿದರೂ ಸಿಗದಂಥದ್ದು. ಆ ವರ್ಷ ಅವನಿಗೆ ಇಲ್ಲಿ ಮೈಗೆ ಸರಿಯಿರಲಿಲ್ಲ, ಬೇಜಾರು ಬೇರೆ. ಮೇ ತಿಂಗಳಲ್ಲಿ ಅಣ್ಣನಿಗೆ ಪತ್ರ ಬರೆದಿದ್ದಾನೆ, ಸೆಲ್ವ್ ಬಂದದ್ದು ತುಂಬಾ ಖುಷಿ ಕೊಟ್ಟಿತು ಅಂತ. ಆ ಖುಷಿಯೇ ಇಲ್ಲಿ ಪಕ್ಕದಲ್ಲಿ ನಿಂತಿದೆ ಅಲ್ವಾ? ಕೊನೆಗೆ ಚಿತ್ರವನ್ನೂ ಪೊಲಿಸಿಗೇ ಒಯ್ದ.

ಪತ್ರದ ಜೊತೆ ಕಾರ್ಡ್ ಇಟ್ಟಿದ್ದೇನೆ. ಬಲಗಡೆ ಅಂಚನ್ನು ಕಣ್ಣಿನ ಹತ್ತಿರ ಹಿಡಿದು, ಒಂದು ಕಣ್ಣು ಮುಚ್ಚಿ, ನಿಧಾನಕ್ಕೆ ಓರೆ ಮಾಡಿ. ಬುರುಡೆ ಕಾಣುತ್ತದೆ. ಪೊಲಿಸಿ ಮಾತ್ರ ಅಷ್ಟು ಚಿಕ್ಕದರಲ್ಲಿ ಕಾಣುವುದಿಲ್ಲ, ಅದಕ್ಕೇ ಗೋಳದ ಮೇಲೆ ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟಿದ್ದೇನೆ.

ನಿಮ್ಮ ಮಗಳು