ಹಳೆಯ ಭಾಷೆ: ಜಗಳ ಬೇಡ, ಸಾಕ್ಷಿ ನೋಡೋಣ

ಮಾನ್ಯರೇ,

'ಜಗತ್ತಿನ ಅತಿ ಹಳೆಯ ಭಾಷೆಗಳು' ಎಂಬ ಪಟ್ಟಿ ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಮತ್ತೆ ಬರುತ್ತಿದೆ. ಅದರ ಹಿಂದೆಯೇ ನಮ್ಮದು ಮೊದಲು, ನಿಮ್ಮದು ಆಮೇಲೆ ಎಂಬ ಜಗಳ. ನೋಡಿದರೆ ಬೇಸರವಾಗುತ್ತದೆ. ಒಂದು ಭಾಷೆ ಯಾವ ದಿನ ಹುಟ್ಟಿತು ಎಂದು ಯಾರಿಂದಲೂ ಹೇಳಲು ಆಗದು. ಬರಹ ಎಂದಿನಿಂದ ಸಿಕ್ಕಿದೆ ಎಂದಷ್ಟೇ ಹೇಳಬಹುದು, ಅಲ್ವಾ?

ಗ್ರೀಕ್ ಭಾಷೆಯನ್ನೇ ನೋಡಿ. ಗ್ರೀಸ್‌ನ ಕ್ರೀಟ್ ದ್ವೀಪದ ಕ್ನೊಸಸ್‌ನಲ್ಲಿ ಸಿಕ್ಕ, ಬರಹವಿರುವ ಮಣ್ಣಿನ ಹಲಗೆಗಳಿಗೆ 3,000 ವರ್ಷಕ್ಕೂ ಜಾಸ್ತಿ ವಯಸ್ಸು. 1952ರಲ್ಲಿ ಇಂಗ್ಲೆಂಡಿನ ವಾಸ್ತುಶಿಲ್ಪಿ ಮೈಕೆಲ್ ವೆಂಟ್ರಿಸ್ ಆ ಲಿಪಿಯನ್ನು ಓದುವ ಬಗೆ ಕಂಡುಹಿಡಿದರು; ಭಾಷೆ ಗ್ರೀಕ್ ಎಂದು ಗೊತ್ತಾಯಿತು. ಅದರಲ್ಲಿ ಇದ್ದದ್ದು ಕಾವ್ಯವಲ್ಲ. ಕುರಿ, ಉಣ್ಣೆ, ಎಣ್ಣೆಯ ಲೆಕ್ಕ. ಜೇನಿಗೆ ಅಲ್ಲಿ 'ಮೆರಿ' ಎಂದು ಬರೆದಿದ್ದಾರೆ. ಆ ಲಿಪಿಯಲ್ಲಿ ರ, ಲ ಎರಡಕ್ಕೂ ಒಂದೇ ಗುರುತು. ಇಂದಿನ ಗ್ರೀಕರು ಜೇನಿಗೆ 'ಮೆಲಿ' ಅನ್ನುತ್ತಾರೆ. ಅದೇ ಮಾತು, ಇನ್ನೂ ಬಾಯಲ್ಲಿದೆ!

ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನಕ್ಕೆ ಸುಮಾರು 1,500 ವರ್ಷ. ಬರೀ 16 ಸಾಲು. ಅದರಲ್ಲಿ ಊರಿನ ಹೆಸರು 'ಪಲ್ಮಡಿ'. ಹಾಲು ಮೊದಲು 'ಪಾಲ್' ಆಗಿತ್ತಲ್ಲ, ಹಾಗೆಯೇ ಇದೂ ಹಲ್ಮಿಡಿ ಆಯಿತು. ಊರನ್ನು ದಾನ ಕೊಟ್ಟದ್ದಕ್ಕೆ ಅದರಲ್ಲಿ 'ಕೊಟ್ಟಾರ್' ಎಂಬ ಮಾತಿದೆ. ನಾವು ಇಂದೂ 'ಕೊಟ್ಟರು' ಎನ್ನುತ್ತೇವೆ. ಇದನ್ನು ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಇಂಥ ಪಟ್ಟಿ ಅಚ್ಚು ಹಾಕುವಾಗ ಪತ್ರಿಕೆಗಳು ಸುಮ್ನೆ ಒಂದು ವರ್ಷ ಬರೆಯದೆ, ಯಾವ ಶಾಸನ, ಎಲ್ಲಿ ಸಿಕ್ಕಿತು ಎಂಬುದನ್ನೂ ಕೊಡಲಿ ಎಂದು ವಿನಂತಿ.

— ಒಬ್ಬ ಓದುಗ, ಹಾಸನ